ಮನೆಯಲ್ಲಿ ಕೊಕ್ಕೋ ಹುರಿಯುವಾಗ ಬೀಜದ ಬಿಸಿ ಅಳೆಯುವುದು ಹೇಗೆ? ಐಆರ್ ಗನ್ (ತಾಗಿಸದೆ ದೂರದಿಂದ ಬಿಸಿ ತೋರಿಸುವುದು) ಸಾಕಾ, ಪ್ರೋಬ್ (ತಾಗಿಸಿ ಅಳೆಯುವ ಕಡ್ಡಿ ಅಥವಾ ತಂತಿ) ಬೇಕಾ?

ತೋಟದಮನೆ_ಬಂಟ್ವಾಳ
ಅಡಿಕೆ ತೋಟದ ಎಡೆಯಲ್ಲಿ ಬೆಳೆದ ಕೊಕ್ಕೋ, ಆರು ದಿನ ಹುದುಗಿಸಿ ಅಂಗಳದಲ್ಲಿ ಒಣಗಿಸಿದ ಬೀಜ. ಹುರಿಯುವುದು 40 ಲೀಟರ್ ಓಟಿಜಿಯಲ್ಲಿ (ಕರೆಂಟಿನ ಸಣ್ಣ ಓವನ್). ಒಂದು ಟ್ರೇಗೆ ಒಂದು ಕಿಲೋ, ಡಯಲ್ 150, ಮೇಲಿನ ಕೆಳಗಿನ ರಾಡ್ ಎರಡೂ ಆನ್, ಅರ್ಧ ಗಂಟೆ. ನಡುವೆ ಬಾಗಿಲು ತೆಗೆದು ಐಆರ್ ಗನ್ ಹಿಡಿದರೆ 145ರಿಂದ 150 ತೋರಿಸ್ತದೆ. ಆದರೆ ಬೀಜ ಒಡೆದು ನೋಡಿದ್ರೆ ಸಿಪ್ಪೆಯಲ್ಲಿ ಅಲ್ಲಲ್ಲಿ ಸುಟ್ಟ ವಾಸನೆ, ಒಳಗಿನ ತಿರುಳು ಇನ್ನೂ ಹುಳಿ, ಕೆಲವದರಲ್ಲಿ ನೇರಳೆ ಬಣ್ಣ. ಗನ್ 150 ಹೇಳುವಾಗ ಒಳಗೆ ಹಸಿ ಇರುವುದು ಹೇಗೆ?

ಪ್ರೋಬ್ ತೆಗೊಳ್ಳುವುದಾದರೆ ಯಾವುದು, ಎಲ್ಲಿ ಇಡಬೇಕು? ಬೀಜದ ಒಳಗಿನ ಬಿಸಿ ಎಷ್ಟಕ್ಕೆ ಬಂದಾಗ ನಿಲ್ಲಿಸಬೇಕು? ಪ್ರತಿ ನಿಮಿಷದ ಲೆಕ್ಕ ಮೊಬೈಲಿಗೋ ಲ್ಯಾಪ್‌ಟಾಪಿಗೋ ಬರುವ ಹಾಗೆ ಎರಡು ಸಾವಿರ ರೂಪಾಯಿ ಒಳಗೆ ಮಾಡಬಹುದಾ?

ಪಡುಬಿದ್ರಿ_ಕರೆ
ಒಳ್ಳೆ ಪ್ರಶ್ನೆ. ನಾನೂ ಕಾಯ್ತಾ ಇದ್ದೇನೆ.

ಕೆಂಪುಕಲ್ಲು
ಗನ್ ಅಳೆಯುವುದು ಮೇಲ್ಮೈಯನ್ನು ಮಾತ್ರ. ಕೊಕ್ಕೋದ ಸಿಪ್ಪೆ ತೆಳು, ಒಣಗಿದ ಮೇಲೆ ತಿರುಳಿಗೂ ಸಿಪ್ಪೆಗೂ ನಡುವೆ ಗಾಳಿ ಇರ್ತದೆ. ರಾಡಿನ ಕಾವು ನೇರ ಬಿದ್ದಾಗ ಸಿಪ್ಪೆ ಬೇಗ ಕಾಯ್ತದೆ, ತಿರುಳು ಹಿಂದೆ ಉಳೀತದೆ. ಹುರಿಯುವ ಮೊದಲ ಅರ್ಧದಲ್ಲಿ ಈ ಅಂತರ ತುಂಬಾ ದೊಡ್ಡದು.

ಎರಡನೇ ತೊಂದರೆ ಗನ್ನಿನದ್ದೇ. ಸಾಮಾನ್ಯ ಗನ್ನಿನ ಅನುಪಾತ 12ಕ್ಕೆ 1. ಅಂದರೆ 30 ಸೆಂ.ಮೀ. ದೂರದಿಂದ ಹಿಡಿದರೆ ಅದು ನೋಡುವುದು ಎರಡೂವರೆ ಸೆಂ.ಮೀ. ಅಗಲದ ವೃತ್ತ. ಕೆಂಪು ಚುಕ್ಕೆ ಬಿದ್ದ ಒಂದು ಬೀಜವನ್ನಲ್ಲ. ಆ ವೃತ್ತದಲ್ಲಿ ಬೀಜದ ನಡುವಿನ ಟ್ರೇಯೂ ಸೇರ್ತದೆ. ಹೊಳೆಯುವ ಅಲ್ಯೂಮಿನಿಯಂ ಟ್ರೇ ತನ್ನ ಬಿಸಿ ತೋರಿಸುವುದಕ್ಕಿಂತ ಹೆಚ್ಚಾಗಿ ಮೇಲಿನ ಕೆಂಪಾದ ರಾಡನ್ನು ಪ್ರತಿಫಲಿಸ್ತದೆ. ಹಾಗಾಗಿ ನಿಮ್ಮ 150 ಬೀಜದ್ದೂ ಅಲ್ಲ, ಟ್ರೇಯದ್ದೂ ಅಲ್ಲ, ಓವನ್ನಿನ ಗಾಳಿಯದ್ದೂ ಅಲ್ಲ.

ಮಲ್ಪೆ_ಗಾಳಿ
ಎರಡು ನಿಮಿಷಕ್ಕೊಮ್ಮೆ ಒಂದು ಬೀಜ ಒಡೆದು ಮೂಸಿ ನೋಡಿದ್ರೆ ಗೊತ್ತಾಗ್ತದೆ ಮಾರಾಯ್ರೆ. ಮೊದಲು ವಿನೆಗರ್ ವಾಸನೆ ಮೂಗಿಗೆ ಹೊಡೀತದೆ, ಆಮೇಲೆ ಬ್ರೌನಿ ಪರಿಮಳ ಬರ್ತದೆ, ಆ ಪರಿಮಳ ಸ್ವಲ್ಪ ಕಡಿಮೆ ಆಗ್ಲಿಕ್ಕೆ ಶುರುವಾದಾಗ ತೆಗೆದರೆ ಆಯ್ತು. ಇದಕ್ಕೆ ಮೀಟರ್ ಎಂತಕ್ಕೆ?

ಸುಳ್ಯ_ಡ್ರಮ್
@ಮಲ್ಪೆ_ಗಾಳಿ ಮೂಗು ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೂಗು ಹೇಳುವುದು ಈಗ ಎಲ್ಲಿದ್ದೇವೆ ಅಂತ. ಇನ್ನು ಎರಡು ನಿಮಿಷದಲ್ಲಿ ಎಲ್ಲಿರ್ತೇವೆ ಅಂತ ಹೇಳುವುದಿಲ್ಲ. ಬೀಜ 122ರಲ್ಲಿ ಇದ್ದು ನಿಮಿಷಕ್ಕೆ 2 ಡಿಗ್ರಿ ಏರುತ್ತಿದ್ದರೆ ಆರಾಮ. ಅದೇ 122ರಲ್ಲಿ ನಿಮಿಷಕ್ಕೆ 7 ಡಿಗ್ರಿ ಏರುತ್ತಿದ್ದರೆ ಪರಿಮಳ ಬಂತು ಅಂತ ಗ್ಯಾಸ್ ಆಫ್ ಮಾಡುವಷ್ಟರಲ್ಲಿ 132 ದಾಟಿರ್ತದೆ. ಏರುವ ವೇಗ ಗೊತ್ತಾಗ್ಲಿಕ್ಕೆ ಅಂಕಿ ಬೇಕು.

ಇನ್ನೊಂದು, ಹುರಿಯದ ಬೀಜದಲ್ಲಿ ಸಾಲ್ಮೊನೆಲ್ಲಾ (ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ) ಇರುವ ಸಾಧ್ಯತೆ ಉಂಟು. ಹುದುಗಿಸಿ ನೆಲದಲ್ಲಿ ಒಣಗಿಸಿದ ಸರಕು ಅದು. ಅರ್ಧ ಹುರಿದದ್ದನ್ನು ಮೂಸಿ ನೋಡಿ, ಬಾಯಿಗೆ ಹಾಕಬೇಡಿ. ಹಸಿ ಬೀಜ ಮುಟ್ಟಿದ ಪಾತ್ರೆ, ಸೌಟು, ತಡ್ಪೆ (ಮೊರ) ಹುರಿದ ಬೀಜಕ್ಕೆ ತಾಗಬಾರದು.

ವಿಟ್ಲ_ಸೀಮೆ
ಬಂಟ್ವಾಳದ ಅಣ್ಣ, ಒಂದು ವಿಷಯ ಬೇರೆ ಮಾಡಿ ನೋಡಿ. ಒಳಗಿನ ನೇರಳೆ ಬಣ್ಣ ಹುರಿಯುವುದರ ತೊಂದರೆ ಅಲ್ಲ. ಅದು ಹುದುಗು ಸರಿಯಾಗಿ ಬರಲಿಲ್ಲ ಅಂತ. ಎಷ್ಟು ಹುರಿದರೂ ಆ ಬೀಜದ ಒಗರು ಹೋಗುವುದಿಲ್ಲ. ಹುರಿಯುವ ಮೊದಲೇ 50 ಬೀಜ ಉದ್ದಕ್ಕೆ ಸೀಳಿ ನೋಡಿ. ಕಂದು ಬಣ್ಣ, ಒಳಗೆ ಬಿರುಕು ಬಿರುಕಾಗಿದ್ದರೆ ಹುದುಗು ಬಂದಿದೆ. ನೇರಳೆ ಬಣ್ಣ ಇದ್ದರೆ ಅರ್ಧಂಬರ್ಧ. ಬೂದು ಬಣ್ಣಕ್ಕೆ ಕಲ್ಲಿನ ಹಾಗೆ ಗಟ್ಟಿಯಾಗಿದ್ದರೆ ಹುದುಗು ಬರಲೇ ಇಲ್ಲ.

ನಮ್ಮ ಕಡೆ ಹೆಚ್ಚು ಇರುವುದು ಫೊರಾಸ್ಟೆರೊ ಜಾತಿ. ಇದಕ್ಕೆ ಐದಾರು ದಿನ ಬೇಕು, ಆದರೆ ದಿನಕ್ಕಿಂತ ಮುಖ್ಯ ರಾಶಿಯ ಬಿಸಿ. ಎರಡು ಮೂರು ದಿನದಲ್ಲಿ ರಾಶಿ 45ರಿಂದ 50 ಡಿಗ್ರಿಗೆ ಬರಬೇಕು. ಹತ್ತು ಕಿಲೋ ಹಸಿಬೀಜ ಬುಟ್ಟಿಯಲ್ಲಿ ಇಟ್ಟರೆ ಆ ಬಿಸಿ ನಿಲ್ಲುವುದೇ ಇಲ್ಲ. ಕಡಿಮೆ ಬೀಜ ಇದ್ದರೆ ಮರದ ಪೆಟ್ಟಿಗೆ, ಒಳಗೆ ಬಾಳೆ ಎಲೆ, ಹೊರಗೆ ಎರಡು ಪದರ ಗೋಣಿ. ಮೂರನೇ ದಿನ, ಐದನೇ ದಿನ ಮಗುಚಬೇಕು. ಹುರಿಯಲಿಕ್ಕೆ ತರುವ ಪ್ರೋಬನ್ನೇ ಮೊದಲು ಈ ರಾಶಿಗೆ ಚುಚ್ಚಿ ನೋಡಿ, ಅರ್ಧ ಸಮಸ್ಯೆ ಅಲ್ಲಿಯೇ ಸಿಗ್ತದೆ.

ಪಡುಬಿದ್ರಿ_ಕರೆ
ಹಸಿಬೀಜ ರೇಟ್ ಈಗ ಹೇಗೆ ಉಂಟು ಅಲ್ಲಿ?

ವಿಟ್ಲ_ಸೀಮೆ
@ಪಡುಬಿದ್ರಿ_ಕರೆ 2024ರ ಏರಿಕೆಯ ಜೊತೆ ಹೋಲಿಸಬೇಡಿ. ಆಗ ಘಾನಾ, ಐವರಿ ಕೋಸ್ಟ್‌ನಲ್ಲಿ ಬೆಳೆ ಹೋಗಿ ಹೊರಗಿನ ಮಾರುಕಟ್ಟೆಯಲ್ಲಿ ಟನ್ನಿಗೆ ಹತ್ತು ಸಾವಿರ ಡಾಲರ್ ದಾಟಿತ್ತು. ರೇಟಿನ ವಿಷಯ ಬೇರೆ ಕಡೆ ಮಾತಾಡುವ, ಇಲ್ಲಿ ಹುರಿಯುವುದು.

ಉಡುಪಿ_ಬೇಕರ್
ಓಟಿಜಿ ಬಗ್ಗೆ ಹೇಳ್ತೇನೆ. ಡಯಲ್‌ನಲ್ಲಿ 150 ಅಂತ ಇಟ್ಟರೆ ಒಳಗೆ 150 ನಿಲ್ಲುವುದಿಲ್ಲ. ಥರ್ಮೋಸ್ಟಾಟ್ ರಾಡನ್ನು ಪೂರ್ತಿ ಆನ್, ಪೂರ್ತಿ ಆಫ್ ಮಾಡ್ತದೆ. ಗಾಳಿಯ ಬಿಸಿ 15-20 ಡಿಗ್ರಿ ಮೇಲೆ ಕೆಳಗೆ ಓಡ್ತಾ ಇರ್ತದೆ. ರಾಡ್ ಆನ್ ಆದಾಗ ಅದರ ನೇರ ಕಾವು ಮೇಲಿನ ಸಾಲಿನ ಬೀಜಕ್ಕೆ ಬೀಳ್ತದೆ. ನಿಮ್ಮ ಸುಟ್ಟ ವಾಸನೆ ಅಲ್ಲಿಂದ ಬಂದದ್ದು.

ಮೇಲಿನ ರಾಡ್ ಆಫ್ ಮಾಡಿ. ಕೆಳಗಿನ ರಾಡ್ ಮತ್ತು ಫ್ಯಾನ್ ಮಾತ್ರ ಸಾಕು. ಟ್ರೇ ನಡುವಿನ ಹಲ್ಲಿಗೆ, ಅದರ ಕೆಳಗಿನ ಹಲ್ಲಿಗೆ ಒಂದು ಖಾಲಿ ಟ್ರೇ, ಅದು ರಾಡಿನ ನೇರ ಕಾವನ್ನು ತಡೀತದೆ. ಒಂದು ಕಿಲೋ ಬೇಡ, ಅರ್ಧ ಕಿಲೋ. ಬೀಜ ಹೆಚ್ಚೆಂದರೆ ಎರಡು ಪದರ ಇರಬೇಕು. ಜಾಲರಿ ಟ್ರೇ ಇದ್ದರೆ ಇನ್ನೂ ಒಳ್ಳೆಯದು. ಓವನ್ 170ಕ್ಕೆ ಹದಿನೈದು ನಿಮಿಷ ಕಾಯಲಿ, ಬೀಜ ಒಳಗೆ ಹೋದ ಮೇಲೆ 150ಕ್ಕೆ ಇಳಿಸಿ, ತಿರುಳು 110 ದಾಟಿದ ಮೇಲೆ 140ಕ್ಕೆ ತನ್ನಿ. ನಾಲ್ಕೈದು ನಿಮಿಷಕ್ಕೊಮ್ಮೆ ಟ್ರೇ ಹೊರಗೆ ತೆಗೆದು, ಮೊದಲು ಓವನ್ ಬಾಗಿಲು ಮುಚ್ಚಿ, ಆಮೇಲೆ ಕಲಕಿ. ಬಾಗಿಲು ತೆರೆದಿಟ್ಟು ಕಲಕಿದರೆ ಗಾಳಿಯೆಲ್ಲ ತಣಿದು ಥರ್ಮೋಸ್ಟಾಟ್ ಗಾಬರಿಯಿಂದ ಪುನಃ ಪೂರ್ತಿ ಕಾಯಿಸ್ತದೆ.

ತೋಟದಮನೆ_ಬಂಟ್ವಾಳ
ಅಕ್ಕ, ತುಂಬಾ ಉಪಕಾರ. "ತಿರುಳು 110 ದಾಟಿದ ಮೇಲೆ" ಅಂದ್ರಲ್ಲ, ಅದನ್ನೇ ನೋಡುವುದು ಹೇಗೆ ಅಂತ ನನ್ನ ಪ್ರಶ್ನೆ. ಓವನ್ ಜೊತೆ ಬಂದ ಮಾಂಸ ಚುಚ್ಚುವ ಥರ್ಮಾಮೀಟರ್ ಉಂಟು. ಅದನ್ನು ಬೀಜದ ರಾಶಿಯ ಮೇಲೆ ಮಲಗಿಸಿದರೆ ಆಗ್ತದಾ?

ಕದ್ರಿ_ಸರ್ಕೀಟ್
ಆಗುವುದಿಲ್ಲ. ಸ್ಟೀಲ್ ಕಡ್ಡಿಯ ಪ್ರೋಬ್ ಯಾವುದೇ ಇರಲಿ, ಅದರ ದಪ್ಪದ ಹತ್ತು ಪಟ್ಟು ಉದ್ದವಾದರೂ ಬೀಜದೊಳಗೆ ಮುಳುಗಿರಬೇಕು. 3 ಮಿ.ಮೀ. ಕಡ್ಡಿಗೆ 3 ಸೆಂ.ಮೀ. ಟ್ರೇಯಲ್ಲಿ ನಿಮ್ಮ ಬೀಜದ ಪದರವೇ ಎರಡು ಸೆಂ.ಮೀ. ಉಳಿದ ಕಡ್ಡಿ ಬಿಸಿ ಗಾಳಿಯಲ್ಲಿ ನಿಂತು ತುದಿಗೆ ಬಿಸಿ ಸಾಗಿಸ್ತದೆ. ನೀವು ಓದುವುದು ಗಾಳಿಯ ಬಿಸಿಯಾಗ್ತದೆ.

ಟ್ರೇಗೆ ಬೇಕಾದದ್ದು ಕೆ-ಟೈಪ್ ಥರ್ಮೋಕಪಲ್, ಕಡ್ಡಿ ಇಲ್ಲದ್ದು. ಎರಡು ತೆಳು ತಂತಿಯ ತುದಿಯಲ್ಲಿ ಸಣ್ಣ ಮಣಿಯ ಹಾಗೆ ವೆಲ್ಡ್ ಮಾಡಿರ್ತಾರೆ, ಮೇಲೆ ಫೈಬರ್‌ಗ್ಲಾಸ್ ಹೊದಿಕೆ. ಮಲ್ಟಿಮೀಟರ್ ಜೊತೆ ಉಚಿತ ಬರುವುದು ಇದೇ. ಸರಾಸರಿ ಗಾತ್ರದ ಬೀಜ ಆರಿಸಿ, ನೂರು ಗ್ರಾಮಿಗೆ ನೂರು ಬೀಜ ತೂಗುವ ಸರಕು ಆದರೆ ಸುಮಾರು ಒಂದು ಗ್ರಾಮಿನ ಬೀಜ. 1.5 ಮಿ.ಮೀ. ಡ್ರಿಲ್ ಬಿಟ್ಟನ್ನು ಕೈಯಲ್ಲೇ ತಿರುಗಿಸಿ ಬೀಜದ ತುದಿಯಿಂದ ಉದ್ದಕ್ಕೆ ನಡುಮಧ್ಯದ ತನಕ ತೂತು ಮಾಡಿ. ಡ್ರಿಲ್ ಮೆಷಿನ್ ಹಾಕಿದರೆ ಬೀಜ ಸೀಳ್ತದೆ. ಮಣಿ ಒಳಗೆ ತೂರಿಸಿ. ತಂತಿಯನ್ನು ಬಾಗಿಲಿನ ಗ್ಯಾಸ್ಕೆಟ್ ಬದಿಯಿಂದ ಹೊರಗೆ ತನ್ನಿ, ಹಿಂಜಿನ ಕಡೆಯಿಂದ ಬೇಡ, ಅಲ್ಲಿ ಹೊದಿಕೆ ಹರಿದು ತಂತಿ ಒಂದಕ್ಕೊಂದು ತಾಗ್ತದೆ. ತಾಗಿದರೆ ಅಲ್ಲಿಯದ್ದೇ ಬಿಸಿ ತೋರಿಸ್ತದೆ, ಬೀಜದ್ದಲ್ಲ.

ಕೆಂಪುಕಲ್ಲು
ಮೇಲಿನದ್ದಕ್ಕೆ ಒಂದು ತಿದ್ದುಪಡಿ. ತೂತು ಮಾಡಿದ ಬೀಜದಿಂದ ಹಬೆ ಬೇಗ ಹೊರಗೆ ಹೋಗ್ತದೆ, ಅದು ಬೇರೆ ಬೀಜಕ್ಕಿಂತ ಬೇಗ ಒಣಗ್ತದೆ, ಆದ್ದರಿಂದ 100ರ ಆಸುಪಾಸಿನಲ್ಲಿ ಅದು ಮುಂದೆ ಓಡ್ತದೆ. ತೂತಿನ ಬಾಯಿಗೆ ಸ್ವಲ್ಪ ಗೋಧಿ ಹಿಟ್ಟಿನ ಕಣಕ ಮೆತ್ತಿ. ಮತ್ತೆ ಮಣಿಯ ಹಿಂದಿನ ಎರಡು ಮೂರು ಸೆಂ.ಮೀ. ತಂತಿಯೂ ಬೀಜದ ನಡುವೆ ಹೂತಿರಲಿ, ಗಾಳಿಯಲ್ಲಿ ನೇತಾಡಬಾರದು. ಒಂದೇ ಬೀಜ ನಂಬಬೇಡಿ. ನಡುವೆ ಒಂದು, ಹಿಂದಿನ ಮೂಲೆಯಲ್ಲಿ ಒಂದು, ಬಾಗಿಲ ಹತ್ತಿರ ಒಂದು. ಈ ಮೂರರಲ್ಲಿ ಹತ್ತು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಯಾವ ಅಂಕಿಗೆ ನಿಲ್ಲಿಸಬೇಕು ಅನ್ನುವ ಚರ್ಚೆಗೆ ಅರ್ಥವೇ ಇಲ್ಲ, ಮೊದಲು ಓವನ್ ಸರಿ ಮಾಡಬೇಕು.

ಮಲ್ಪೆ_ಗಾಳಿ
ಕಲಕುವಾಗ ತಂತಿ?

ಕೆಂಪುಕಲ್ಲು
ಕಲಕುವಾಗ ತಂತಿ ಇರುವ ಬೀಜ ಕಿತ್ತು ಬರ್ತದೆ, ಅದು ಈ ವಿಧಾನದ ದೊಡ್ಡ ಕಷ್ಟ. ತಂತಿಯನ್ನು ಟ್ರೇ ಅಂಚಿಗೆ ಸ್ಟೀಲ್ ಕ್ಲಿಪ್ಪಿನಿಂದ ಸಿಕ್ಕಿಸಿ ಐದಾರು ಸೆಂ.ಮೀ. ಸಡಿಲ ಬಿಡಿ. ಮೂರು ಬೀಜವನ್ನು ಬಿಟ್ಟು ಉಳಿದದ್ದು ಕಲಕಿ, ಆಮೇಲೆ ಅವನ್ನು ಪುನಃ ಹೂತುಬಿಡಿ.

ಕಾರ್ಕಳದವ
ಬಾಣಲೆಯಲ್ಲಿ ಹುರಿಯುವವರು ಎಂತ ಮಾಡಬೇಕು? ಎಲ್ಲರ ಹತ್ತಿರ ಓವನ್ ಇಲ್ಲ.

ಉಡುಪಿ_ಬೇಕರ್
ಬಾಣಲೆಯಲ್ಲಿ ಅಳೆಯಲಿಕ್ಕೆ ಸುಲಭ ದಾರಿ ಫ್ಲಾಸ್ಕ್. ಸಣ್ಣ ಬಾಯಿಯದ್ದಲ್ಲ, ಅಗಲ ಬಾಯಿಯ ಸ್ಟೀಲ್ ವ್ಯಾಕ್ಯೂಮ್ ಫ್ಲಾಸ್ಕ್. ಮೊದಲು ಕುದಿಯುವ ನೀರು ಹಾಕಿ ಐದು ನಿಮಿಷ ಬಿಟ್ಟು ಚೆಲ್ಲಿ ಒರೆಸಿ, ಇಲ್ಲದಿದ್ದರೆ ಫ್ಲಾಸ್ಕಿನ ಗೋಡೆಯೇ ಬಿಸಿ ಎಳ್ಕೊಳ್ತದೆ. ಬಾಣಲೆಯ ನಡುವಿನಿಂದ ಒಂದು ದೊಡ್ಡ ಸೌಟು ಬೀಜ ತೆಗೆದು ಫ್ಲಾಸ್ಕಿಗೆ ಸುರಿದು, ಪ್ರೋಬನ್ನು ಬೀಜದ ನಡುವೆ ಇಳಿಸಿ, ಬಟ್ಟೆಯಿಂದ ಬಾಯಿ ಮುಚ್ಚಿ, ಅಂಕಿ ಓಡುವುದು ನಿಲ್ಲುವ ತನಕ ಒಂದು ನಿಮಿಷ ಕಾಯಿರಿ. ಸಿಪ್ಪೆಯ ಹೆಚ್ಚಿನ ಬಿಸಿ, ತಿರುಳಿನ ಕಡಿಮೆ ಬಿಸಿ ಎರಡೂ ಒಂದಕ್ಕೊಂದು ಹಂಚಿಕೊಂಡು ಬೀಜದ ಸರಾಸರಿ ಬಿಸಿ ಸಿಗ್ತದೆ. ಅಳೆದ ಬೀಜ ಪುನಃ ಬಾಣಲೆಗೆ. ಐಆರ್ ಗನ್ನಿನ 150 ಇಲ್ಲಿ 115 ಆಗಿ ಕಂಡರೆ ಆಶ್ಚರ್ಯ ಪಡಬೇಡಿ.

ಮರಳು ಹಾಕಿ ಹುರಿಯಬೇಡಿ. ಸಿಪ್ಪೆ ಬಿರಿದ ಬೀಜದೊಳಗೆ ಮರಳು ಸೇರಿದರೆ ಗ್ರೈಂಡರಿನ ಕಲ್ಲಿಗೂ ಪೆಟ್ಟು, ಹಲ್ಲಿಗೂ ಪೆಟ್ಟು.

ಕಾರ್ಕಳದವ
ಫ್ಲಾಸ್ಕ್ ಉಪಾಯ ಭಾರೀ ಒಳ್ಳೆದುಂಟು ಅಕ್ಕ. ಆದರೆ ನಿಲ್ಲಿಸಬೇಕಾದ ಅಂಕಿ 140 ಅಂತ ಹಲವು ರೆಸಿಪಿಯಲ್ಲಿ ಉಂಟು, ಕೆಲವು ಕಡೆ 160 ಸಹ ಉಂಟು.

ಸುಳ್ಯ_ಡ್ರಮ್
ಅದು ಓವನ್ನಿನ ಬಿಸಿ. ಬೀಜದ ಬಿಸಿ ಅಲ್ಲ. ಈ ಎರಡನ್ನು ಕಲಸಿದ್ದರಿಂದಲೇ ಅರ್ಧ ಜಗಳ. ಬೀಜದ ಒಳಗೆ 140 ಬಂತು ಅಂದರೆ ಹಣ್ಣಿನ ಪರಿಮಳ ಹೋಗಿ ಕಹಿ ಜೋರಾಗಿ ನಿಲ್ಲುವ ಜಾಗ. 150 ದಾಟಿದರೆ ಸುಟ್ಟದ್ದೇ.

ನಾನು ಹುರಿಯುವುದು ಗ್ಯಾಸಿನ ಮೇಲೆ ತಿರುಗುವ ಡ್ರಮ್ಮಿನಲ್ಲಿ, ಅದರಲ್ಲಿ ಒಂದು ಕಿಲೋಗೆ ಸರಿ ಬರುವ ಲೆಕ್ಕ ಹೇಳ್ತೇನೆ. ಹಾಕಿದಲ್ಲಿಂದ 100 ಡಿಗ್ರಿ ತನಕ 10ರಿಂದ 12 ನಿಮಿಷ. ಇಲ್ಲಿ ಹೆಚ್ಚಿನ ಕಾವು ನೀರು ಆರಲಿಕ್ಕೆ ಹೋಗ್ತದೆ. 100ರಿಂದ 112ರ ತನಕ ನಿಮಿಷಕ್ಕೆ 5 ಡಿಗ್ರಿ, ಅಂದರೆ ಎರಡೂವರೆ ನಿಮಿಷ. ಚಾಕೊಲೇಟ್ ಪರಿಮಳ ಹುಟ್ಟುವ ಹೊತ್ತು ಇದು, ಇಲ್ಲಿ ನಿಧಾನ ಮಾಡಿದರೆ ರುಚಿ ಸಪ್ಪೆ ಬರ್ತದೆ. 112ರಿಂದ ಗ್ಯಾಸ್ ಇಳಿಸಿ ನಿಮಿಷಕ್ಕೆ 2 ಡಿಗ್ರಿಗೆ ತನ್ನಿ, 124ರಿಂದ 128ರ ನಡುವೆ ನಿಲ್ಲಿಸಿ. ಒಟ್ಟು ಇಪ್ಪತ್ತು ನಿಮಿಷದ ಆಚೀಚೆ. ಓಟಿಜಿಗೆ ಇಷ್ಟು ಶಕ್ತಿ ಇರುವುದಿಲ್ಲ, ಅಲ್ಲಿ 25-30 ನಿಮಿಷ ಹಿಡಿದರೂ ಚಿಂತೆ ಇಲ್ಲ, ಆದರೆ ಏರುವುದು ನಡುವೆ ನಿಂತು ಪುನಃ ಹತ್ತಬಾರದು.

ಕಾಫಿಯ ಹಾಗೆ ಚಟಪಟ ಸದ್ದನ್ನು ಗುರುತಾಗಿ ಇಟ್ಕೊಳ್ಳಬೇಡಿ. ಕೊಕ್ಕೋದಲ್ಲಿ ಸದ್ದು ಬರುವುದು ಹಬೆಗೆ ಸಿಪ್ಪೆ ಬಿರಿಯುವುದರಿಂದ. ತೇವ ಹೆಚ್ಚಿದ್ದರೆ ಜೋರು, ಕಡಿಮೆ ಇದ್ದರೆ ಸದ್ದೇ ಇಲ್ಲ.

ವಿಟ್ಲ_ಸೀಮೆ
126 ನಮ್ಮ ಬೀಜಕ್ಕೆ ಸಾಕಾಗುವುದಿಲ್ಲ ಅಂತ ನನ್ನ ಅಭಿಪ್ರಾಯ. ಮಳೆಗಾಲದ ಬೀಜದಲ್ಲಿ ಹುಳಿ ಹೆಚ್ಚು. 132-134 ತನಕ ಹೋದರೆ ಹುಳಿ ಇಳೀತದೆ.

ಸುಳ್ಯ_ಡ್ರಮ್
ಹುಳಿ ಇಳಿಸಲಿಕ್ಕೆ ಕೊನೆಯ ಅಂಕಿ ಏರಿಸುವುದು ತಪ್ಪು ದಾರಿ. ಆ ಹುಳಿ ಹೆಚ್ಚಿನದ್ದು ಅಸಿಟಿಕ್ ಆಮ್ಲ, ಅದು ಕುದಿಯುವುದು 118ರಲ್ಲಿ, ನೀರಿನ ಹಬೆಯ ಜೊತೆ ಅದಕ್ಕಿಂತ ಕೆಳಗೂ ಹೊರಗೆ ಹೋಗ್ತದೆ. ಅದಕ್ಕೆ ಬೇಕಾದದ್ದು ಸಮಯ ಮತ್ತು ಗಾಳಿಯ ಓಟ. 115ರಿಂದ 125ರ ನಡುವೆ ಎರಡು ಮೂರು ನಿಮಿಷ ಹೆಚ್ಚು ಕೊಡಿ, ಓವನ್ ಆದರೆ ಫ್ಯಾನ್ ಹಾಕಿ, ಡ್ರಮ್ ಆದರೆ ಹೊಗೆ ಕಿಂಡಿ ತೆರೆದಿಡಿ. 134ಕ್ಕೆ ಓಡಿಸಿದರೆ ಹುಳಿಯ ಜೊತೆ ಒಳ್ಳೆ ಪರಿಮಳವೂ ಹೋಗ್ತದೆ.

ವಿಟ್ಲ_ಸೀಮೆ
ಸಮಯದ ಮಾತು ಒಪ್ಪುವಂಥದ್ದು. ಆದರೆ ಹುಳಿಯ ಮೂಲ ಒಣಗಿಸುವುದರಲ್ಲಿ ಉಂಟು, ಅದನ್ನು ಬಿಡಬಾರದು. ಜೂನ್, ಜುಲೈಯಲ್ಲಿ ಬಿಸಿಲಿಲ್ಲ ಅಂತ ಹುದುಗಿಸಿದ ಬೀಜವನ್ನು ನೇರ ಡ್ರೈಯರಿಗೆ ಹಾಕಿ ಜೋರು ಬಿಸಿ ಕೊಟ್ಟರೆ ಸಿಪ್ಪೆ ಮೊದಲು ಒಣಗಿ ಗಟ್ಟಿಯಾಗ್ತದೆ, ಒಳಗಿನ ಆಮ್ಲ ಅಲ್ಲಿಯೇ ಬಂದಿ. ಮೊದಲ ಎರಡು ದಿನ ಕಡಿಮೆ ಬಿಸಿ, ಹೆಚ್ಚು ಗಾಳಿ. ಮಾಡಿನ ಕೆಳಗೆ ತೆಳುವಾಗಿ ಹರಡಿ ಫ್ಯಾನ್ ಬಿಟ್ಟರೂ ಸಾಕು. ಸೌದೆ ಒಲೆಯ ಅಡಿಕೆ ಗೂಡಿನಲ್ಲಿ ಒಣಗಿಸಿದರೆ ಹೊಗೆ ವಾಸನೆ ಕೊಬ್ಬಿಗೆ ಹಿಡೀತದೆ. ಅದು ಹುರಿದರೂ ಹೋಗುವುದಿಲ್ಲ, ಅರೆದರೂ ಹೋಗುವುದಿಲ್ಲ.

ತೇವ 7 ಶೇಕಡಾ ಒಳಗೆ ಬರಬೇಕು. ಮನೆಯಲ್ಲೇ ನೋಡುವುದಾದರೆ ಸ್ವಲ್ಪ ಬೀಜ ಜಜ್ಜಿ, ಸರಿಯಾಗಿ ತೂಗಿ, 103 ಡಿಗ್ರಿಯಲ್ಲಿ 16 ಗಂಟೆ ಇಟ್ಟು ಪುನಃ ತೂಗಿ. ಕಡಿಮೆಯಾದ ತೂಕವೇ ನೀರು.

ಕೆಂಪುಕಲ್ಲು
ಇದಕ್ಕೆ ಸೇರಿಸುವ ಒಂದು ಮಾತು. ತೇವ ಎಷ್ಟು ಅಂತ ಹುರಿಯುವಾಗಿನ ಬಿಸಿಯ ಗ್ರಾಫೂ ಹೇಳ್ತದೆ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟಿನ ಮಳೆಗಾಲ) ಗೋಣಿಯಲ್ಲಿ ಬಿಟ್ಟ ಬೀಜ ಕರಾವಳಿಯ ಗಾಳಿಗೆ ಪುನಃ ತೇವ ಎಳ್ಕೊಳ್ತದೆ. ಅಂಥ ಬೀಜ ಹುರಿಯುವಾಗ 95ರಿಂದ 102ರ ನಡುವೆ ಗೆರೆ ಹೆಚ್ಚುಕಡಿಮೆ ಮಲಗಿಬಿಡ್ತದೆ. ಆಗ ಅವಸರಪಟ್ಟು ಕಾವು ಏರಿಸುವುದು ಎಲ್ಲರೂ ಮಾಡುವ ಕೆಲಸ. ನೀರು ಮುಗಿದ ಕೂಡಲೇ ಆ ಹೆಚ್ಚಿನ ಕಾವಿಗೆ ಗೆರೆ ಒಮ್ಮೆಲೇ ಮೇಲೆ ಹಾರ್ತದೆ, 112ರಿಂದ 130ಕ್ಕೆ ಹೋಗುವುದು ಗೊತ್ತೇ ಆಗುವುದಿಲ್ಲ. ಗೆರೆ ಮಲಗಿದಾಗ ಏನೂ ಮುಟ್ಟದೆ ಬಿಡುವುದು ಸರಿ.

ತೋಟದಮನೆ_ಬಂಟ್ವಾಳ
ಈಗ ಸರ್ಕೀಟ್ ಬಗ್ಗೆ ಯಾರಾದರೂ ಹೇಳಿ. ಮ್ಯಾಕ್ಸ್6675 ಮಾಡ್ಯೂಲ್ (ಥರ್ಮೋಕಪಲಿನ ಬಿಸಿಯನ್ನು ಅಂಕಿ ಮಾಡುವ ಸಣ್ಣ ಚಿಪ್ ಬೋರ್ಡ್) ಪ್ರೋಬ್ ಸಮೇತ ಸಿಗ್ತದೆ ಅಂತ ನೋಡಿದೆ.

ಕದ್ರಿ_ಸರ್ಕೀಟ್
ಮಾಡ್ಯೂಲ್ ತೆಗೊಳ್ಳಿ, ಅದರ ಜೊತೆ ಬರುವ ಪ್ರೋಬನ್ನು ಬದಿಗಿಡಿ. ಅದು 6 ಮಿ.ಮೀ. ಬೋಲ್ಟ್ ತಲೆಯದ್ದು, ಯಂತ್ರದ ಮೈಗೆ ಸ್ಕ್ರೂ ಮಾಡಲಿಕ್ಕೆ ಇರುವುದು. ಆ ಲೋಹದ ಮುದ್ದೆ ಬಿಸಿಯಾಗುವಷ್ಟರಲ್ಲಿ ಬೀಜ ಮುಂದೆ ಹೋಗಿರ್ತದೆ. ನಿಮಿಷಕ್ಕೆ 5 ಡಿಗ್ರಿ ಏರುವಾಗ ಪ್ರೋಬ್ 20 ಸೆಕೆಂಡ್ ಹಿಂದೆ ಇದ್ದರೆ ಒಂದೂವರೆ ಡಿಗ್ರಿಗಿಂತ ಹೆಚ್ಚು ಕಡಿಮೆ ತೋರಿಸ್ತದೆ. ಟ್ರೇಗೆ ಮಣಿ ಥರ್ಮೋಕಪಲ್, ಡ್ರಮ್ಮಿಗೆ 3 ಮಿ.ಮೀ. ಸ್ಟೀಲ್ ಕಡ್ಡಿ, ಅನ್‌ಗ್ರೌಂಡೆಡ್ (ಒಳಗಿನ ತಂತಿ ಹೊರಗಿನ ಸ್ಟೀಲಿಗೆ ತಾಗದ್ದು) ಅಂತ ಕೇಳಿ ತೆಗೊಳ್ಳಿ.

ಅಂಕಿ ಓದಿ ಮೊಬೈಲಿಗೋ ಲ್ಯಾಪ್‌ಟಾಪಿಗೋ ಕಳಿಸಲಿಕ್ಕೆ ಇಎಸ್‌ಪಿ32 ಅನ್ನುವ ಸಣ್ಣ ಕಂಪ್ಯೂಟರ್ ಬೋರ್ಡ್ ಬೇಕು. ಅದರ 3.3 ವೋಲ್ಟಿನಿಂದಲೇ ಮಾಡ್ಯೂಲಿಗೆ ಕರೆಂಟ್ ಕೊಡಿ. ಗ್ರೌಂಡ್, ಕ್ಲಾಕ್, ಚಿಪ್ ಸೆಲೆಕ್ಟ್, ಡೇಟಾ ಸೇರಿ ಒಟ್ಟು ಐದು ತಂತಿ. ಮೂರು ಪ್ರೋಬ್ ಬೇಕಾದರೆ ಮೂರು ಮಾಡ್ಯೂಲ್, ಕ್ಲಾಕ್ ಮತ್ತು ಡೇಟಾ ಒಂದೇ, ಚಿಪ್ ಸೆಲೆಕ್ಟ್ ಮಾತ್ರ ಬೇರೆ ಬೇರೆ. ಒಂದು ಪ್ರೋಬಿನ ಲೆಕ್ಕ ಸಾವಿರ ರೂಪಾಯಿ ಒಳಗೆ ಮುಗೀತದೆ, ಮೂರು ಹಾಕಿದರೂ ನಿಮ್ಮ ಎರಡು ಸಾವಿರದೊಳಗೆ ನಿಲ್ತದೆ.

ಎಲ್ಲಿ ಕೆಡ್ತದೆ ಅಂದರೆ, ಈ ಚಿಪ್ಪಿಗೆ ಒಂದು ಸಲ ಅಳೆಯಲಿಕ್ಕೆ 0.22 ಸೆಕೆಂಡ್ ಬೇಕು. ಪ್ರೋಗ್ರಾಮಿನಲ್ಲಿ ಅದಕ್ಕಿಂತ ಬೇಗ ಬೇಗ ಓದಿದರೆ ಅಳತೆ ಪ್ರತಿಸಲ ಅರ್ಧದಲ್ಲಿ ನಿಂತು ಹಳೇ ಅಂಕಿಯೇ ಬರ್ತಾ ಇರ್ತದೆ. ಸೆಕೆಂಡಿಗೆ ಎರಡು ಸಲ ಓದಿದರೆ ಬೇಕಾದಷ್ಟಾಯ್ತು. ಪ್ಲಸ್ ಮೈನಸ್ ಅದಲು ಬದಲಾದರೆ ಬಿಸಿ ಮಾಡಿದಷ್ಟೂ ಅಂಕಿ ಕೆಳಗೆ ಇಳೀತದೆ, ತಿರುಗಿಸಿ ಕಟ್ಟಿದರೆ ಮುಗಿಯಿತು.

ದೊಡ್ಡ ತಪ್ಪು ತಂತಿ ಉದ್ದ ಮಾಡುವಾಗ ಆಗ್ತದೆ. ಸಾದಾ ತಾಮ್ರದ ವಯರ್ ಜೋಡಿಸಿದರೆ ಆ ಜೋಡಣೆ ಇರುವ ಜಾಗದ ಬಿಸಿ ಲೆಕ್ಕದಲ್ಲಿ ಸೇರ್ತದೆ. ಜೋಡಣೆ ಓವನ್ ಹತ್ತಿರ 55 ಡಿಗ್ರಿಯಲ್ಲಿ, ಬೋರ್ಡ್ 32ರಲ್ಲಿ ಇದ್ದರೆ ನಿಮಗೆ 23 ಡಿಗ್ರಿ ಕಡಿಮೆ ಕಾಣ್ತದೆ. ಬೀಜ 120ರಲ್ಲಿ ಇರುವಾಗ ಸ್ಕ್ರೀನಿನಲ್ಲಿ 97. ಉದ್ದ ಬೇಕಾದರೆ ಕೆ-ಟೈಪಿನದ್ದೇ ಎಕ್ಸ್‌ಟೆನ್ಷನ್ ಕೇಬಲ್ ತನ್ನಿ. ಬೋರ್ಡನ್ನೂ ಓವನ್ ಮೇಲೆ ಇಡಬೇಡಿ, ಒಂದು ಮೀಟರ್ ದೂರ, ಫ್ಯಾನ್ ಗಾಳಿ ನೇರ ಬೀಳದ ಜಾಗ.

ಪಡುಬಿದ್ರಿ_ಕರೆ
ಮ್ಯಾಕ್ಸ್31855 ಹೊಸದಲ್ವಾ, ಅದೇ ತೆಗೊಂಡ್ರೆ?

ಕದ್ರಿ_ಸರ್ಕೀಟ್
ತೆಗೊಳ್ಳಬಹುದು. ಸೂಕ್ಷ್ಮತೆ ಎರಡರದ್ದೂ ಕಾಲು ಡಿಗ್ರಿಯೇ. 31855ಕ್ಕೆ ಗ್ರೌಂಡೆಡ್ ಪ್ರೋಬ್ ಹಾಕಿ ಅದು ಓವನ್ ಮೈಗೆ ತಾಗಿದರೆ ಅಂಕಿ ಕೊಡದೆ ಫಾಲ್ಟ್ ತೋರಿಸ್ತದೆ. ಅದಕ್ಕೇ ಅನ್‌ಗ್ರೌಂಡೆಡ್ ಅಂತ ಒತ್ತಿ ಹೇಳಿದ್ದು. ಅಂಕಿ ಹಾರಾಡಿದರೆ ಎರಡು ಟರ್ಮಿನಲ್ ನಡುವೆ 0.01 ಮೈಕ್ರೋಫ್ಯಾರಡ್ ಸೆರಾಮಿಕ್ ಕೆಪಾಸಿಟರ್ ಹಾಕಿ.

ಕೆಂಪುಕಲ್ಲು
ಏರುವ ವೇಗದ ಲೆಕ್ಕದಲ್ಲೂ ಒಂದು ಹೊಂಡ ಉಂಟು. ಕಾಲು ಡಿಗ್ರಿ ಹೆಜ್ಜೆಯ ಚಿಪ್ಪಿನಲ್ಲಿ ಒಂದು ಸೆಕೆಂಡಿನ ವ್ಯತ್ಯಾಸವನ್ನು 60ರಿಂದ ಗುಣಿಸಿದರೆ ಒಂದೇ ಹೆಜ್ಜೆ ನಿಮಿಷಕ್ಕೆ 15 ಡಿಗ್ರಿ ಅಂತ ಕಾಣ್ತದೆ, ಮುಂದಿನ ಸೆಕೆಂಡಿಗೆ ಸೊನ್ನೆ. ಆ ಗ್ರಾಫ್ ನೋಡಿ ಯಾರೂ ಗ್ಯಾಸ್ ತಿರುಗಿಸಲಿಕ್ಕೆ ಆಗುವುದಿಲ್ಲ. ಈಗಿನ ಅಂಕಿಯಿಂದ 30 ಸೆಕೆಂಡ್ ಹಿಂದಿನ ಅಂಕಿ ಕಳೆದು ಎರಡರಿಂದ ಗುಣಿಸಿ. ಆಗ ಒಂದು ಹೆಜ್ಜೆ ಅರ್ಧ ಡಿಗ್ರಿ ಮಾತ್ರ.

ಲ್ಯಾಪ್‌ಟಾಪಿನಲ್ಲಿ ನೋಡುವುದಾದರೆ ಕಾಫಿ ಹುರಿಯುವವರು ಬಳಸುವ ಆರ್ಟಿಸಾನ್ ಅನ್ನುವ ಸಾಫ್ಟ್‌ವೇರ್ ಉಚಿತ ಸಿಗ್ತದೆ, ಕೊಕ್ಕೋಗೂ ಅದೇ ಸಾಕು. ಕಾಫಿಗೆ ಅಂತ ಇರುವ ಗುರುತುಗಳ ಹೆಸರನ್ನು 100, 112, ಕೊನೆ ಅಂತ ಮನಸ್ಸಿನಲ್ಲಿ ಬದಲಾಯಿಸಿಕೊಳ್ಳಿ.

ಮಲ್ಪೆ_ಗಾಳಿ
ನೋಟ್‌ಬುಕ್ಕಿನಲ್ಲಿ ನಿಮಿಷಕ್ಕೊಂದು ಅಂಕಿ ಬರೆದರೂ ಇದೇ ಸಿಗ್ತದಲ್ಲ? ಎರಡು ಅಂಕಿಯ ವ್ಯತ್ಯಾಸವೇ ವೇಗ.

ಕೆಂಪುಕಲ್ಲು
ಖಂಡಿತ. ಪಕ್ಕದಲ್ಲಿ ಮೂಗಿನ ಲೆಕ್ಕವನ್ನೂ ಬರೀರಿ, ವಿನೆಗರ್ ಜೋರು ಎಷ್ಟಕ್ಕೆ, ಬ್ರೌನಿ ಶುರು ಎಷ್ಟಕ್ಕೆ ಅಂತ. ಅದು ಯಾವ ಸಾಫ್ಟ್‌ವೇರಿಗೂ ಬರುವುದಿಲ್ಲ.

ಉಡುಪಿ_ಬೇಕರ್
ಪ್ರೋಬ್ ತಂದ ದಿನವೇ ಪರೀಕ್ಷೆ ಮಾಡಿ. ಐಸ್ ಪುಡಿ ಮಾಡಿ ಲೋಟ ತುಂಬಾ ಹಾಕಿ, ಎಡೆ ತುಂಬುವಷ್ಟು ಮಾತ್ರ ನೀರು, ಕಲಕಿ ಐದು ನಿಮಿಷ ಬಿಟ್ಟರೆ 0. ನೀರು ಹೆಚ್ಚಾಗಿ ಐಸ್ ತೇಲ್ತಾ ಇದ್ದರೆ ತಳದಲ್ಲಿ ಎರಡು ಮೂರು ಡಿಗ್ರಿ ಇರ್ತದೆ. ಆಮೇಲೆ ಕುದಿಯುವ ನೀರು, ಪ್ರೋಬ್ ಪಾತ್ರೆಯ ತಳಕ್ಕೆ ತಾಗಬಾರದು. ಮಂಗಳೂರು, ಉಡುಪಿ ಸಮುದ್ರ ಮಟ್ಟದಲ್ಲೇ ಇರುವುದರಿಂದ 100 ಅಂತಲೇ ಹಿಡಿಯಬಹುದು. ಮಡಿಕೇರಿಯವರು ಇದೇ ಲೆಕ್ಕ ಹಿಡಿದರೆ ತಪ್ಪಾಗ್ತದೆ, ಅಲ್ಲಿ ನೀರು 96ರ ಹತ್ತಿರವೇ ಕುದೀತದೆ. ಕೆ-ಟೈಪಿಗೆ ಎರಡು ಡಿಗ್ರಿ ಆಚೀಚೆ ಮಾಮೂಲು. ಎಷ್ಟು ವ್ಯತ್ಯಾಸ ಅಂತ ಪ್ರೋಬಿಗೆ ಚೀಟಿ ಕಟ್ಟಿಡಿ.

ಕಾರ್ಕಳದವ
ಸುಳ್ಯದವರೆ, ಡ್ರಮ್ ತಿರುಗ್ತಾ ಇರುವಾಗ ಪ್ರೋಬ್ ಹೇಗೆ ಒಳಗೆ ಹಾಕುವುದು? ತಂತಿ ಸುತ್ತಿಕೊಳ್ಳುವುದಿಲ್ವಾ?

ಸುಳ್ಯ_ಡ್ರಮ್
ಪ್ರೋಬ್ ತಿರುಗಬಾರದು, ಡ್ರಮ್ ಮಾತ್ರ ತಿರುಗಬೇಕು. ಮುಂದಿನ ಮುಚ್ಚಳ ಗಟ್ಟಿ ನಿಲ್ಲುವಂಥದ್ದಾದರೆ ಅದರಲ್ಲೇ ತೂತು. ಮುಚ್ಚಳವೂ ತಿರುಗುವ ಡ್ರಮ್ ಆದರೆ ಅಚ್ಚು ಟೊಳ್ಳು ಪೈಪಿನದ್ದು ಇರಬೇಕು, ಪೈಪಿನೊಳಗಿಂದ ಕಡ್ಡಿ ತೂರಿಸಿ ಒಳಗೆ ಕೆಳಮುಖ ಬಗ್ಗಿಸಿ, ಹೊರತುದಿಯನ್ನು ಸ್ಟ್ಯಾಂಡಿಗೆ ಕ್ಲ್ಯಾಂಪ್ ಮಾಡಿ. ಎದುರಿನಿಂದ ನೋಡುವಾಗ ಡ್ರಮ್ ಗಡಿಯಾರದ ದಿಕ್ಕಿಗೆ ತಿರುಗ್ತಿದ್ದರೆ ಬೀಜ ಎಡಗಡೆ ಕೆಳಗೆ, ಏಳು ಎಂಟು ಗಂಟೆಯ ಜಾಗದಲ್ಲಿ ರಾಶಿ ಬೀಳ್ತದೆ. ಪ್ರೋಬಿನ ತುದಿ ಅಲ್ಲಿ, ಗೋಡೆಯಿಂದ ಎರಡು ಸೆಂ.ಮೀ. ಒಳಗೆ. ಗೋಡೆಗೆ ತಾಗಿದರೆ ಲೋಹದ ಬಿಸಿ, ರಾಶಿಯಿಂದ ಮೇಲೆ ಬಂದರೆ ಗಾಳಿಯ ಬಿಸಿ.

ಹಾಗಾಗಿ ಪ್ರತಿಸಲ ಒಂದೇ ತೂಕ ಹಾಕಬೇಕು. ಒಂದು ಕಿಲೋಗೆ ಸರಿ ಇದ್ದ ಪ್ರೋಬ್ 600 ಗ್ರಾಮಿಗೆ ಅರ್ಧ ಹೊರಗೆ ನಿಲ್ತದೆ, 126 ತೋರಿಸುವಾಗ ಬೀಜ 115ರಲ್ಲಿ ಇರಬಹುದು. ಕಾದ ಡ್ರಮ್ಮಿಗೆ ಬೀಜ ಸುರಿದ ಕೂಡಲೇ ಅಂಕಿ ಬುಡಕ್ಕೆ ಇಳಿದು ಒಂದೂವರೆ ಎರಡು ನಿಮಿಷದಲ್ಲಿ ತಿರುಗಿ ಮೇಲೆ ಬರ್ತದೆ. ಬೀಜ ತಣ್ಣಗಾಗಿದ್ದಲ್ಲ ಅದು, ಕಾದ ಪ್ರೋಬ್ ತಣ್ಣಗಿನ ಬೀಜಕ್ಕೆ ಹೊಂದಿಕೊಳ್ಳುವುದು. ಆ ತಿರುವಿನ ಮೊದಲಿನ ಅಂಕಿ ಲೆಕ್ಕಕ್ಕೆ ಬೇಡ.

ತೋಟದಮನೆ_ಬಂಟ್ವಾಳ
ಮೂರು ಮಣಿ ಪ್ರೋಬ್ ಹಾಕಿ ಅಕ್ಕ ಹೇಳಿದ ಹಾಗೆ ಅರ್ಧ ಕಿಲೋ ಇಟ್ಟಾಯ್ತು, ಮೇಲಿನ ರಾಡ್ ಆಫ್. ಇಪ್ಪತ್ತೆರಡನೇ ನಿಮಿಷಕ್ಕೆ ನಡುವೆ 118, ಹಿಂದಿನ ಮೂಲೆ 131, ಬಾಗಿಲ ಬದಿ 112. ಯಾವುದನ್ನು ನಂಬಬೇಕು?

ಉಡುಪಿ_ಬೇಕರ್
ಮೂರನ್ನೂ ನಂಬಿ, ಓವನ್ ಹಾಗೆಯೇ ಉಂಟು ಅಂತ ಅರ್ಥ. ಫ್ಯಾನ್ ಹಿಂದೆ ಇರುವುದರಿಂದ ಹಿಂದಿನ ಮೂಲೆ ಬೇಗ ಕಾಯ್ತದೆ, ಬಾಗಿಲ ಗ್ಲಾಸಿನಿಂದ ಬಿಸಿ ಸೋರ್ತದೆ. ಪ್ರತಿಸಲ ಕಲಕುವಾಗ ಟ್ರೇಯನ್ನು ಹಿಂದೆ ಮುಂದೆ ತಿರುಗಿಸಿ ಇಡಿ. ಹಿಂದಿನ ಮೂಲೆಗಳಲ್ಲಿ ಬೀಜ ಸ್ವಲ್ಪ ದಪ್ಪ ಹರಡಿ, ಬಾಗಿಲ ಕಡೆ ತೆಳು. ಟ್ರೇ ಹಿಂಗೋಡೆಗೆ ತಾಗಬಾರದು, ಮೂರು ಬೆರಳು ಎಡೆ ಬಿಡಿ. ಮೂರೂ ಅಂಕಿ 6-7 ಡಿಗ್ರಿ ಒಳಗೆ ಬಂದ ಮೇಲೆ ನಡುವಿನದ್ದನ್ನು ಹಿಡಿದು 125ಕ್ಕೆ ನಿಲ್ಲಿಸಿ.

ಸುಳ್ಯ_ಡ್ರಮ್
ನಿಲ್ಲಿಸುವುದು ಅಂದರೆ ಓವನ್ ಆಫ್ ಮಾಡುವುದಲ್ಲ. ಬಿಸಿ ಟ್ರೇಯಲ್ಲಿ ಬಿಟ್ಟರೆ ಇನ್ನೂ ಮೂರು ನಾಲ್ಕು ಡಿಗ್ರಿ ಏರ್ತದೆ. ಕೂಡಲೇ ತಡ್ಪೆಗೆ ಸುರಿದು ಟೇಬಲ್ ಫ್ಯಾನ್ ಎದುರು ಕೈಯಾಡಿಸಿ, ನಾಲ್ಕೈದು ನಿಮಿಷದಲ್ಲಿ ಕೈಯಲ್ಲಿ ಹಿಡಿಯುವಷ್ಟು ತಣಿಯಬೇಕು. ಪೂರ್ತಿ ತಣಿದ ಮೇಲೆ ತೂಗಿ. 500 ಗ್ರಾಮ್ ಹಾಕಿದ್ದು 465ರಿಂದ 475 ಆಗಿದ್ದರೆ ಸರಿ. 490 ಇದ್ದರೆ ಪ್ರೋಬ್ ಏನೇ ಹೇಳಲಿ, ಒಳಗೆ ನೀರು ಉಳಿದಿದೆ, ಅದು ಅರೆಯುವಾಗ ಚಾಕೊಲೇಟನ್ನು ಮುದ್ದೆ ಮಾಡ್ತದೆ.

ವಿಟ್ಲ_ಸೀಮೆ
ಒಡೆಯುವಾಗ ಸಿಪ್ಪೆ ತಾನಾಗಿ ಬಿಡಬೇಕು. ತಿರುಳಿಗೆ ಅಂಟಿಕೊಂಡಿದ್ದರೆ ಮೊದಲ ಹಂತದಲ್ಲಿ ಕಾವು ಕಡಿಮೆಯಾಯ್ತು ಅಂತ.

ಪಡುಬಿದ್ರಿ_ಕರೆ
ಪುತ್ತೂರಿನ ಕ್ಯಾಂಪ್ಕೊ ಫ್ಯಾಕ್ಟರಿಯಂಥ ಕಡೆಯೂ ಹೀಗೆಯೇ ಬೀಜಕ್ಕೆ ಪ್ರೋಬ್ ಹಾಕ್ತಾರಾ?

ಕೆಂಪುಕಲ್ಲು
ಅಲ್ಲಿ ಹೇಗೆ ಅಂತ ಅಲ್ಲಿಯವರೇ ಹೇಳಬೇಕು. ಒಟ್ಟಾರೆ ದೊಡ್ಡ ಕಾರ್ಖಾನೆಗಳಲ್ಲಿ ಸಿಪ್ಪೆ ತೆಗೆದು ತಿರುಳನ್ನು ಮಾತ್ರ ಹುರಿಯುವ ಪದ್ಧತಿಯೂ ಉಂಟು, ಅರೆದ ಮೇಲೆ ಬಿಸಿ ಮಾಡುವುದೂ ಉಂಟು. ಹಾಗಾಗಿ ಕಾರ್ಖಾನೆಯ ಅಂಕಿಯನ್ನು ಸಿಪ್ಪೆ ಸಮೇತ ಹುರಿಯುವ ಮನೆಯ ಓವನ್ನಿಗೆ ತರಲಿಕ್ಕೆ ಆಗುವುದಿಲ್ಲ.

ಕಾರ್ಕಳದವ
ಅರ್ಧ ಕಿಲೋದಲ್ಲಿ ಅರವತ್ತು ಎಪ್ಪತ್ತು ಗ್ರಾಮ್ ಸಿಪ್ಪೆ ಬರ್ತದಲ್ಲ, ಅದನ್ನು ದನಕ್ಕೆ ಹಾಕಬಹುದಾ?

ವಿಟ್ಲ_ಸೀಮೆ
ಬೇಡ. ಸಿಪ್ಪೆಯಲ್ಲಿಯೂ ಥಿಯೋಬ್ರೋಮಿನ್ ಉಂಟು. ನಾಯಿಗಂತೂ ಅದು ವಿಷ, ಅಂಗಳದಲ್ಲಿ ಚೆಲ್ಲಬೇಡಿ, ಪರಿಮಳಕ್ಕೆ ನಾಯಿ ಬಂದು ತಿಂತದೆ. ಗೊಬ್ಬರದ ಗುಂಡಿಗೆ ಹಾಕಿ ಮೇಲೆ ಎರಡು ಬುಟ್ಟಿ ಸೊಪ್ಪು ಮುಚ್ಚಿ.